ಹಿಮದಾರಿಯಲ್ಲಿ ಬಂದವರನ್ನು ಎಣಿಸಿದ ಐಲಿ ರಂತಾಲ

ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ಬರೆಯುವವರು ಕುಲಪತಿಗಳ ಹೆಸರನ್ನೂ ಕಟ್ಟಡಗಳ ಹೆಸರನ್ನೂ ಬರೆಯುತ್ತಾರೆಯೇ ಹೊರತು, ಮುಂದಿನ ಐದು ವರ್ಷಗಳಲ್ಲಿ ಎಷ್ಟು ಮಂದಿ ವಿದ್ಯಾರ್ಥಿಗಳು ಬಂದಾರು, ಅವರಿಗೆ ಎಷ್ಟು ಮಂದಿ ಅಧ್ಯಾಪಕರು ಬೇಕಾದಾರು, ಯಾವ ವಿಭಾಗ ಉಳಿದೀತು ಎಂದು ಮೂಲೆಯ ಕೋಣೆಯಲ್ಲಿ ಕುಳಿತು ಅಂದಾಜು ಮಾಡುವವರ ಹೆಸರನ್ನು ಬರೆಯುವುದಿಲ್ಲ. ಶೈಕ್ಷಣಿಕ ಯೋಜನೆ ಎಂಬ, ಯಾರ ಕಣ್ಣಿಗೂ ಬೀಳದ ಆ ಕೆಲಸದಲ್ಲಿ ಕೆನಡಾದ ಉತ್ತರ ಒಂಟಾರಿಯೊದ ನಮ್ಮ ಪೈಕ್ ಬೇ ವಿಶ್ವವಿದ್ಯಾಲಯಕ್ಕೆ ಮೂವತ್ತೈದು ವರ್ಷ ದುಡಿದ ಶ್ರೀಮತಿ ಐಲಿ ರಂತಾಲ ಅವರಿಗೆ ಸರಿಸಮನಾದವರನ್ನು ನಾನು ಕಂಡಿಲ್ಲ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಉಳಿದ ಲೇಖನಗಳು ಅವರನ್ನು ವಿಶ್ವವಿದ್ಯಾಲಯವನ್ನು ಉಳಿಸಿದವರು ಎಂದು ಕೊಂಡಾಡಿವೆ. ಅದು ನಿಜ. ನನ್ನ ವಿಭಾಗಕ್ಕೆ ಬೀಗ ಹಾಕಿಸಿದ ಸಹಿಯೂ ಅವರದೇ. ಅದೂ ನಿಜ.

ನನ್ನಿಂದ ಲೇಖನ ಕೇಳಲು ಸಂಪಾದಕರು ಹಿಂಜರಿದರಂತೆ. ಕಡೆಗೆ ಐಲಿಯವರೇ ಫೋನ್ ಮಾಡಿದರು.

"ಹೊಗಳೋಕೆ ಬೇಕಾದಷ್ಟು ಜನ ಸಾಲು ನಿಂತಿದಾರೆ ಗಾರ್ನೆಟ್. ನೀನು ನಡೆದಿದ್ದು ಬರಿ."

"ನಡೆದಿದ್ದು ಬರೆದ್ರೆ ನಿನಗೆ ಚೆನ್ನಾಗಿರಲ್ಲ."

"ನಿನಗೂ ಚೆನ್ನಾಗಿರಲ್ಲ. ಅದನ್ನೂ ಬರಿ."

ಐಲಿಯವರು ಮರ ಕಡಿಯುವವರ ಶಿಬಿರದಲ್ಲಿ ಅಡುಗೆ ಮಾಡುತ್ತಿದ್ದ ಫಿನ್ನಿಷ್ ತಾಯಿಯ ಒಬ್ಬಳೇ ಮಗಳು. ತಟ್ಟೆ ಎಣಿಸುವ ಮೊದಲು ಮುಖ ಎಣಿಸು ಎಂದು ತಾಯಿ ಹೇಳುತ್ತಿದ್ದರಂತೆ. ತೊಂಬತ್ತೊಂದರಲ್ಲಿ ಗುಮಾಸ್ತೆಯಾಗಿ ಸೇರಿದ ಅವರು, ಎಂಟೇ ವರ್ಷಗಳಲ್ಲಿ ಯೋಜನಾ ಕಚೇರಿಯ ಮುಖ್ಯಸ್ಥರಾದರು. ಅಂಕಿಅಂಶಗಳ ಹಾಳೆಯಲ್ಲಿ ಸಂಶಯ ಬಂದರೆ ಕೋಟು ತೊಟ್ಟು ಆ ತರಗತಿಯ ಬಾಗಿಲಿಗೇ ಹೋಗಿ ನಿಲ್ಲುವ ಅವರ ಅಭ್ಯಾಸವನ್ನು ಕಂಡು ನಾವು ನಗುತ್ತಿದ್ದೆವು. ನಕ್ಕವರಲ್ಲಿ ಒಬ್ಬನಾದ ನಾನೇ ಮುಂದೆ ಆ ಅಭ್ಯಾಸದ ಅನ್ನ ಉಂಡೆ.

ನನ್ನದು ಉತ್ತರದ ಊರುಗಳಿಗೆ ಶಿಕ್ಷಕರನ್ನು ತಯಾರಿಸುವ ವಿಭಾಗವಾಗಿತ್ತು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೂಲನಿವಾಸಿಗಳಾದ ಒಜಿಬ್ವೆ ಹೆಂಗಸರು, ತಮ್ಮ ಊರಿನ ಶಾಲೆಗಳಲ್ಲಿ ಆಗಲೇ ಸಹಾಯಕಿಯರಾಗಿದ್ದವರು. ಆ ಊರುಗಳಿಗೆ ವರ್ಷವಿಡೀ ಇರುವ ರಸ್ತೆಯಿಲ್ಲ. ಜನವರಿಯಲ್ಲಿ ಕೆರೆಗಳೂ ನದಿಗಳೂ ಹೆಪ್ಪುಗಟ್ಟಿ ಹಿಮದಾರಿ ತೆರೆದಾಗ ಲಾರಿ, ಪಿಕಪ್ ಹತ್ತಿ ಬರುತ್ತಾರೆ, ಮಾರ್ಚಿಯಲ್ಲಿ ಮಂಜುಗಡ್ಡೆ ತೆಳುವಾಗುವ ಮುನ್ನ ಹಿಂದಿರುಗುತ್ತಾರೆ, ಉಳಿದ ತಿಂಗಳು ಮನೆಯಲ್ಲಿ ಓದುತ್ತಾರೆ. ವಿಮಾನವಿಲ್ಲವೆಂದಲ್ಲ; ಮಕ್ಕಳುಮರಿ, ಹಾಸಿಗೆ, ಎರಡು ತಿಂಗಳಿಗಾಗುವಷ್ಟು ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸ ಕಟ್ಟಿಕೊಂಡು ಯಾರು ವಿಮಾನ ಹತ್ತುತ್ತಾರೆ? ಆದರೆ ಅನುದಾನಕ್ಕಾಗಿ ಸರಕಾರ ತಲೆ ಎಣಿಸುವುದು ನವೆಂಬರ್ ಒಂದರಂದು. ಆ ದಿನ ನನ್ನ ಹಾಜರಿ ಪುಸ್ತಕದಲ್ಲಿ ಇರುತ್ತಿದ್ದವರು ಪಟ್ಟಣದವರೇ ಆದ ಮೂರೋ ನಾಲ್ಕೋ ಮಂದಿ.

ಇದನ್ನು ಮೊದಲು ಕಂಡುಹಿಡಿದವರು ಐಲಿ. ಸೇರಿದ ಮೂರನೆಯ ವರ್ಷ ಅವರು ಸರಕಾರಕ್ಕೆ ಹೋಗುವ ಹಾಳೆಯ ಕೆಳಗೆ ಒಂದು ಅಡಿಟಿಪ್ಪಣಿ ಬರೆದರು: ಹಿಮದಾರಿ ತೆರೆದ ಮೇಲೆ ಬರುವವರು ಇಪ್ಪತ್ತೆರಡು ಮಂದಿ, ಫೆಬ್ರವರಿಯ ಎರಡನೆಯ ಮಂಗಳವಾರ ಖುದ್ದಾಗಿ ಎಣಿಸಲಾಗುವುದು. ಪ್ರಾಂತದ ರಾಜಧಾನಿ ಟೊರಾಂಟೊದಿಂದ ಅಧಿಕಾರಿಯೊಬ್ಬರು ಫೋನ್ ಮಾಡಿದರು.

"ಏನು ಮೇಡಂ, ಸರಕಾರದ ಲೆಕ್ಕಕ್ಕೂ ನಿಮ್ಮೂರ ಕೆರೆ ಹೆಪ್ಪುಗಟ್ಟೋದಕ್ಕೂ ಏನ್ರೀ ಸಂಬಂಧ?"

"ಜನವರಿಲಿ ಬನ್ನಿ ಸಾರ್. ಲಾರಿಲಿ ಕೂರಿಸ್ಕೊಂಡು ಹೋಗಿ ಸಂಬಂಧ ತೋರಿಸ್ತೀನಿ."

ಅವರು ಬರಲಿಲ್ಲ, ಟಿಪ್ಪಣಿಗೆ ಒಪ್ಪಿಗೆ ಬಂತು. ಅಂದಿನಿಂದ ಮೂವತ್ತು ವರ್ಷ ನನ್ನ ವಿಭಾಗ ಬದುಕಿದ್ದು ಆ ಒಂದು ಸಾಲಿನ ಮೇಲೆ. ಪ್ರತಿ ಫೆಬ್ರವರಿಯ ಎರಡನೆಯ ಮಂಗಳವಾರ ಏಲಕ್ಕಿ ಹಾಕಿ ಹೆಣೆದ ಪುಲ್ಲಾ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಐಲಿ ನಮ್ಮ ತರಗತಿಗೆ ಬರುವರು, ಒಬ್ಬೊಬ್ಬರತ್ತ ಬೆರಳು ಮಾಡಿ ಎಣಿಸುವರು.

ಸ್ಟರ್ಜನ್ ನ್ಯಾರೋಸ್ ಎಂಬ ಊರಿನ ಡೆಲೋರಿಸ್ ವಾಬೂಸ್ ಓದಲು ಬಂದ ವರ್ಷ ದಾರಿಯಲ್ಲಿ ಮಂಜುಗಡ್ಡೆ ಬಿರಿದು ಅವರ ಲಾರಿ ನಿಂತುಬಿಟ್ಟಿತ್ತು. ಆಕೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಒಂಬತ್ತು ದಿನ ತಡವಾಗಿ ಬಂದಾಗ ಪ್ರವೇಶದ ಗಡುವು ಮುಗಿದಿತ್ತು. ಆ ಒಂಬತ್ತು ದಿನವೂ ಪ್ರವೇಶ ಪಟ್ಟಿಯನ್ನು ಐಲಿ ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡು, ಕೇಳಿದವರಿಗೆಲ್ಲ ಇನ್ನೂ ಪರಿಶೀಲನೆಯಲ್ಲಿದೆ ಎಂದಿದ್ದರು. ಎಣಿಸುವ ದಿನ ಕೂಸಿನ ಮುಂದೆ ಬೆರಳು ನಿಂತಿತು.

"ಇವಳನ್ನ ಎಷ್ಟು ಅಂತ ಬರ್ಕೊಳ್ಲಿ ಡೆಲೋರಿಸ್?"

"ಸದ್ಯಕ್ಕೆ ಅರ್ಧ ಅಂತ ಬರ್ಕೊ ಅಕ್ಕ. ಅಳೋಕೆ ಶುರು ಮಾಡಿದ್ರೆ ಮೂರು."

ಆಮೇಲೆ ಸುಭಿಕ್ಷದ ವರ್ಷಗಳು ಬಂದವು. ಹೊರದೇಶಗಳಿಂದ ಬಂದ ಮಕ್ಕಳು ಮೂರು ಪಟ್ಟು ಶುಲ್ಕ ಕಟ್ಟುತ್ತಿದ್ದರು, ಪ್ರಾಂತದ ಸರಕಾರ ಅನುದಾನವನ್ನು ಏರಿಸದಿದ್ದರೂ ಯಾರಿಗೂ ಚಿಂತೆಯಿರಲಿಲ್ಲ. ಕೆರೆಯ ದಡದಲ್ಲಿ ಗಾಜಿನ ಕಟ್ಟಡ ಎದ್ದಿತು. ಇಡೀ ವಿಶ್ವವಿದ್ಯಾಲಯವನ್ನು ಒಂದೇ ಕಾಲಿನ ಮೇಲೆ ನಿಲ್ಲಿಸಬೇಡಿ ಎಂದು ಐಲಿಯವರು ಹನ್ನೊಂದು ಪುಟಗಳ ವರದಿ ಬರೆದರು. ಉಪಕುಲಪತಿ ಡಾಕ್ಟರ್ ಲೀಮಿಂಗ್ ಅದನ್ನು ಸಭೆಯಲ್ಲಿ ಎತ್ತಿ ಹಿಡಿದು, "ನಮ್ಮ ಐಲಿಗೆ ಬಿಸಿಲಲ್ಲೂ ಕೊಡೆ ಬೇಕು" ಎಂದರು. ನಾವೆಲ್ಲ ನಕ್ಕೆವು, ನಾನೂ ನಕ್ಕೆ ಎಂಬುದನ್ನು ಇಲ್ಲಿ ದಾಖಲಿಸಬೇಕು. ಮುಂದೆ ಒಟ್ಟಾವದ ಕೇಂದ್ರ ಸರಕಾರದವರು ಹೊರದೇಶದ ವಿದ್ಯಾರ್ಥಿಗಳ ಪರವಾನಗಿಗಳನ್ನು ಕಡಿತ ಮಾಡಿದ ವರ್ಷ ಸೆಪ್ಟೆಂಬರಿನಲ್ಲಿ ಗಾಜಿನ ಕಟ್ಟಡದ ಅರ್ಧ ಬೆಂಚುಗಳು ಖಾಲಿ ಬಿದ್ದವು. ಆಗ ಕೊಡೆಗಾಗಿ ಎಲ್ಲರೂ ಓಡಿದರು.

ಹೊರಗಿನಿಂದ ಸಲಹೆಗಾರರು ಬಂದರು. ನವದಿಗಂತ ಎಂಬ ಯೋಜನೆ ತಯಾರಾಯಿತು. ಎಪ್ಪತ್ತನಾಲ್ಕು ವಿಭಾಗಗಳನ್ನೂ ಹೊಸ ತಂತ್ರಾಂಶಕ್ಕೆ ಹಾಕಿ, ನವೆಂಬರ್ ಒಂದರಂದು ಹದಿನೈದಕ್ಕಿಂತ ಕಡಿಮೆ ತಲೆಗಳಿದ್ದ ವಿಭಾಗವನ್ನು ಮುಚ್ಚುವುದೆಂದು ತೀರ್ಮಾನವಾಯಿತು. ಸೆಪ್ಟೆಂಬರಿನ ಕೊನೆಯ ವಾರ ಐಲಿ ನನ್ನ ಕೋಣೆಗೆ ಬಂದರು.

"ಹೊಸ ತಂತ್ರಾಂಶದಲ್ಲಿ ಅಡಿಟಿಪ್ಪಣಿ ಹಾಕೋಕೆ ಜಾಗವೇ ಇಲ್ಲ ಗಾರ್ನೆಟ್. ಜನವರಿಲಿ ಬರೋ ನಿನ್ನ ಇಪ್ಪತ್ತಾರು ಜನರ ಹತ್ರಾನೂ ಈಗಲೇ ಅರ್ಜಿ ತರಿಸ್ಕೊ. ಅಕ್ಟೋಬರಲ್ಲೇ ಒಂದು ಪಾಠ ಫೋನಲ್ಲಿ ಶುರು ಮಾಡ್ಬಿಡು. ಆಗ ನವೆಂಬರಲ್ಲಿ ಅವರು ಲೆಕ್ಕಕ್ಕೆ ಸಿಗ್ತಾರೆ."

"ಬರದೇ ಇರೋರನ್ನ ಬಂದಿದಾರೆ ಅಂತ ನಾನು ಬರೆಯಲ್ಲ."

"ಬಂದಿದಾರೆ ಅಂತ ಬರಿ ಅಂದ್ನಾ? ಓದ್ತಾ ಇದಾರೆ ಅಂತ ಬರಿ."

"ನಿನ್ನ ಟಿಪ್ಪಣಿ ಇಷ್ಟು ವರ್ಷ ನಡೆದಿಲ್ವಾ? ಈ ವರ್ಷಾನೂ ನಡೆಯುತ್ತೆ ಬಿಡು."

ಇಷ್ಟು ದಿನ ಇದನ್ನು ತತ್ವನಿಷ್ಠೆ ಎಂದು ಹೇಳಿಕೊಂಡು ತಿರುಗಿದ್ದೇನೆ. ನಿಜ ಬೇರೆ. ಅಕ್ಟೋಬರ್ ನಮ್ಮಲ್ಲಿ ಮೂಸ್ ಬೇಟೆಯ ತಿಂಗಳು. ಚೀಟಿ ಎತ್ತಿ ಕೊಡುವ ಬೇಟೆಯ ಪರವಾನಗಿ ಒಂಬತ್ತು ವರ್ಷ ಕಾದ ಮೇಲೆ ಆ ಸಲ ನನ್ನ ಹೆಸರಿಗೆ ಬಂದಿತ್ತು. ಸರಿಯಾಗಿ ಲೈನೇ ಸಿಗದ ಊರುಗಳಿಗೆ ಫೋನ್ ಹಚ್ಚಿ ಇಪ್ಪತ್ತಾರು ಅರ್ಜಿ ತುಂಬಿಸುತ್ತ ಆ ಎರಡು ವಾರಗಳನ್ನು ಕಳೆಯಲು ನಾನು ಸಿದ್ಧನಿರಲಿಲ್ಲ. ತತ್ವ ಎನ್ನುವುದು ನಮ್ಮಂಥವರಿಗೆ ಅನುಕೂಲವಿದ್ದಾಗ ತೊಡುವ ಕೋಟು.

ಡಿಸೆಂಬರಿನ ಒಂದು ಶುಕ್ರವಾರ ಬೆಳಿಗ್ಗೆ ಲೀಮಿಂಗ್ ಅವರು ಐಲಿಯವರನ್ನೂ ವಿಭಾಗದ ಮುಖ್ಯಸ್ಥನಾದ ನನ್ನನ್ನೂ ಕರೆಸಿದರು. ಅಂಕಿಅಂಶ ನಿಜವೆಂದು ಯೋಜನಾಧಿಕಾರಿ ಸಹಿ ಹಾಕಿದ, ಮುಚ್ಚುವ ವಿಭಾಗಗಳ ಪಟ್ಟಿ ಅಂದು ಸಂಜೆಯೊಳಗೆ ಟೊರಾಂಟೊ ತಲುಪಬೇಕು. ತಲುಪದಿದ್ದರೆ ಸರಕಾರದ ತುರ್ತು ನೆರವು ಇಲ್ಲ, ನೆರವಿಲ್ಲದಿದ್ದರೆ ಮಾರ್ಚಿಯಿಂದ ನಾಲ್ಕು ನೂರು ಮಂದಿಗೆ ಸಂಬಳವಿಲ್ಲ.

"ಇದರಲ್ಲಿ ಗಾರ್ನೆಟ್ ವಿಭಾಗಕ್ಕೆ ನಾಲ್ಕು ಅಂತಿದೆ," ಎಂದರು ಐಲಿ. "ಫೆಬ್ರವರಿಲಿ ಮೂವತ್ತು ಜನ ಇರ್ತಾರೆ."

"ನವೆಂಬರ್ ಒಂದನೇ ತಾರೀಕು ಎಷ್ಟು ಜನ ಇದ್ರು ಐಲಿ?"

"ನಾಲ್ಕು."

"ಮತ್ತೆ? ನಾನೇನು ನಿಮ್ಮ ಹತ್ರ ಸುಳ್ಳಿಗೆ ಸಹಿ ಹಾಕಿಸ್ತಾ ಇದೀನಾ?"

ಐಲಿ ನನ್ನ ಕಡೆ ನೋಡಿದರು. ಮಾತಾಡಬೇಕಾಗಿದ್ದವನು ನಾನು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಅವರು ಸಹಿ ಹಾಕಿದರು. ಸಹಿಯ ಕೆಳಗೆ ಆ ಹಳೆಯ ಟಿಪ್ಪಣಿಯನ್ನು ಕೈಬರಹದಲ್ಲಿ ಬರೆದರು. ಟೊರಾಂಟೊಕ್ಕೆ ಹೋದ ಪ್ರತಿಯಲ್ಲಿ ಹಾಳೆಯ ಕೆಳಭಾಗ ಇರಲಿಲ್ಲವೆಂದು ಆಮೇಲೆ ತಿಳಿಯಿತು. ಯಾರು ಕತ್ತರಿಸಿದರೆಂದು ಯಾರೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ನಾನು ಹೇಳಬಾರದ್ದನ್ನು ಹೇಳಿದೆ: "ನಿನ್ನಮ್ಮ ಬದುಕಿದ್ದಿದ್ರೆ ಇವತ್ತು ನಿನ್ನ ಮುಂದಿನ ತಟ್ಟೆ ಎತ್ಕೊಂಡ್ಬಿಡ್ತಿದ್ರು."

ಐಲಿಯವರ ಧ್ವನಿ ಏರಲಿಲ್ಲ. "ಬೇಟೆ ಆಯ್ತಾ ಗಾರ್ನೆಟ್? ಮೂಸ್ ಸಿಕ್ತಾ?"

ಸಿಕ್ಕಿತ್ತು, ಮುನ್ನೂರೈವತ್ತು ಕಿಲೋದ ಗಂಡು. ನಾವಿಬ್ಬರೂ ಒಂದು ವರ್ಷ ಮಾತಾಡಲಿಲ್ಲ.

ಆ ಸಾಲಿನ ತರಗತಿ ಮುಗಿದೊಡನೆ ವಿಭಾಗ ಮುಚ್ಚಿತು. ಮರುವರ್ಷ ಹಿಮದಾರಿ ತೆರೆದಾಗ ಎರಡು ಪಿಕಪ್‌ಗಳಲ್ಲಿ ಒಂಬತ್ತು ಮಂದಿ ಹೆಂಗಸರು ಬಂದಿಳಿದರು. ವಿಭಾಗ ಮುಚ್ಚಿದೆಯೆಂಬ ಪತ್ರ ಅವರಿಗೆ ತಲುಪಿತ್ತು; ಹದಿನಾಲ್ಕು ಗಂಟೆ ದಾರಿ ಸವೆಸಿ ಬಂದವರನ್ನು ಎದುರಿಗೆ ಕಂಡರೆ ಯಾರಾದರೂ ಹಿಂದಕ್ಕೆ ಕಳಿಸುತ್ತಾರೆಯೇ ಎಂಬ ಧೈರ್ಯದಿಂದ ಬಂದಿದ್ದರು. ನಾವು ಕಳಿಸಿದೆವು. ಆ ದಿನ ರಜೆ ಹಾಕಿ ಅವರೊಡನೆ ಊಟದ ಮನೆಯಲ್ಲಿ ಕುಳಿತು, ಒಬ್ಬೊಬ್ಬರಿಗೂ ಬೇರೆ ಕಡೆ ಓದುವ ದಾರಿ ಹುಡುಕಿದವರು ಐಲಿ ಒಬ್ಬರೇ. ದೂರದ ಪಟ್ಟಣದ ಕಾಲೇಜಿಗೆ ಹೋಗಲು ಒಪ್ಪಿದವರು ಇಬ್ಬರು. ಉಳಿದ ಏಳು ಮಂದಿ ಮರುದಿನ ಬೆಳಿಗ್ಗೆ ಬಂದ ದಾರಿಯಲ್ಲೇ ಹಿಂದಿರುಗಿದರು.

ಈಗ ಡೆಲೋರಿಸ್ ವಾಬೂಸ್ ಸ್ಟರ್ಜನ್ ನ್ಯಾರೋಸ್ ಶಾಲೆಯ ಮುಖ್ಯೋಪಾಧ್ಯಾಯಿನಿ. ಈ ಸೆಪ್ಟೆಂಬರಿನಿಂದ ಅಲ್ಲಿನ ಎರಡನೆಯ ತರಗತಿಗೆ ಶಿಕ್ಷಕರಿಲ್ಲ. ಐಲಿಯವರು ನಿವೃತ್ತರಾದ ಸುದ್ದಿ ತಿಳಿದು ಆಕೆ ಫೋನ್ ಮಾಡಿದಾಗ ನಾನು ಐಲಿಯವರ ಅಡುಗೆಮನೆಯಲ್ಲೇ ಇದ್ದೆ, ಈ ಲೇಖನಕ್ಕಾಗಿ ವಿವರ ಕೇಳಲು ಹೋಗಿದ್ದೆ.

"ಅಕ್ಕಾ, ನಿನ್ನ ಮೇಲೆ ಪುಸ್ತಕ ಮಾಡ್ತಾರಂತಲ್ಲ. ಮಾಡ್ಲಿ. ನೀನು ಇಲ್ಲಿ ಬಂದು ಪಾಠ ಮಾಡು."

"ನನಗೆ ಪಾಠ ಮಾಡೋದು ಗೊತ್ತಿಲ್ಲ ಕಣೇ."

"ಗೊತ್ತಿರೋರನ್ನ ತಯಾರು ಮಾಡೋದನ್ನ ನೀವೇ ನಿಲ್ಲಿಸಿದ್ರಲ್ಲ. ಗೊತ್ತಿಲ್ಲದೋರೇ ಬನ್ನಿ."

ಐಲಿ ಹಿಮದಾರಿ ಯಾವಾಗ ತೆರೆಯುತ್ತದೆಂದು ಕೇಳಿದರು.

ಓದುಗರು ಒಂದನ್ನು ಕೇಳಬಹುದು: ಶಿಕ್ಷಕರನ್ನು ತಯಾರಿಸುವುದರಲ್ಲೇ ತಲೆ ಬೆಳ್ಳಗಾದ ಈ ಗಾರ್ನೆಟ್ ಏಕೆ ಹೋಗಬಾರದು? ಡೆಲೋರಿಸ್ ಮೊದಲು ಕೇಳಿದ್ದು ನನ್ನನ್ನೇ. ಪಿಂಚಣಿಗೆ ಇನ್ನೂ ಎರಡು ವರ್ಷ ಉಳಿದಿದೆ ಎಂದೆ. ವಿಭಾಗ ಮುಚ್ಚಿದ ಮೇಲೆ ನನ್ನನ್ನು ಪ್ರಚಾರ ಕಚೇರಿಗೆ ಹಾಕಿದ್ದಾರೆ. ಊರೂರಿನ ಶಾಲೆಗಳಿಗೆ ಹೋಗಿ ನವದಿಗಂತದ ಬಣ್ಣದ ಪುಸ್ತಿಕೆ ಹಂಚುತ್ತೇನೆ. ಐಲಿಯವರ ಸಹಿ ಉಳಿಸಿದ ನಾನೂರು ಸಂಬಳಗಳಲ್ಲಿ ನನ್ನದೂ ಒಂದು.

ನಿವೃತ್ತರಿಗೆ ವಿಶ್ರಾಂತಿಯನ್ನು ಕೋರುವುದು ಇಂಥ ಸಂಪುಟಗಳ ವಾಡಿಕೆ. ನಾನು ಕೋರಲಾರೆ. ಬರುವ ಜನವರಿಯಲ್ಲಿ ಅರವತ್ತಾರು ವರ್ಷದ ಐಲಿ ರಂತಾಲ ಅವರು ತಾತ್ಕಾಲಿಕ ಪರವಾನಗಿಯ ಮೇಲೆ ಮೂವತ್ತೊಂದು ಮಕ್ಕಳ ಮುಂದೆ ನಿಲ್ಲಲಿದ್ದಾರೆ. ಅವರಿಗೆ ಆಯಸ್ಸು ದೀರ್ಘವಾಗಿರಲಿ, ಆರೋಗ್ಯ ಗಟ್ಟಿಯಾಗಿರಲಿ, ಕೆಲಸ ಕೈಬಿಡದಿರಲಿ. ಇದು ಬರಿಯ ಉಪಚಾರದ ಮಾತಲ್ಲ. ಅವರು ಆ ತರಗತಿಯನ್ನು ಬಿಟ್ಟ ದಿನ ಅಲ್ಲಿಗೆ ಹೋಗಲು ಇನ್ನೊಬ್ಬರು ಇರುವುದಿಲ್ಲ.