ನಮ್ಮವರೇನ್ರಿ?

ಯುರೋಪಿನ ಒಕ್ಕೂಟ ಸೇರಲು ಕಾದು ನಿಂತ ದೇಶಗಳ ಪಾಠ ಮಾಡುವಾಗ ನನಗೆ ಎಲ್ಲಿಲ್ಲದ ಹುರುಪು. ಸೇರಬಯಸುವ ದೇಶ ಮೊದಲು ತನ್ನ ಅಲ್ಪಸಂಖ್ಯಾತರನ್ನು ಹೇಗೆ ನೋಡಿಕೊಳ್ಳುತ್ತಿದೆ ಎಂದು ತೋರಿಸಬೇಕು, ಕಾನೂನು ಬರೆದಿಟ್ಟರೆ ಸಾಲದು, ನಡೆದು ತೋರಿಸಬೇಕು ಎಂದು ಶಹಾಪುರದ ಕಾಲೇಜಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದೆ. ಕಣ್ಣಾರೆ ಕಾಣದ ದೇಶಗಳನ್ನು ಪಾಸು, ನಪಾಸು ಮಾಡುವುದರಲ್ಲಿ ಒಂದು ಸುಖವಿದೆ.

ಆ ಪಾಠದ ಟಿಪ್ಪಣಿ ಮಾತ್ರ ನನ್ನದಲ್ಲ. ನನ್ನ ಜೊತೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಅತಿಥಿ ಉಪನ್ಯಾಸಕಿಯೊಬ್ಬರು ಬರೆದುಕೊಟ್ಟದ್ದು. ಮನೆಯಲ್ಲಿ ದಖನಿ ಉರ್ದು, ತರಗತಿಯಲ್ಲಿ ನನಗಿಂತ ಒಳ್ಳೆಯ ಕನ್ನಡ. ದಿನಾ ಯಾದಗಿರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸುರಿಗೆ ಏಳು ತಿಂಗಳು ತುಂಬಿದಾಗ, ಈ ಓಡಾಟ ನಿಲ್ಲದಿದ್ದರೆ ಕೂಸಿಗೆ ಅಪಾಯ ಎಂದು ಡಾಕ್ಟರು ಹೇಳಿಬಿಟ್ಟರು. ಶಹಾಪುರದಲ್ಲೊಂದು ಬಾಡಿಗೆ ಮನೆ ಬೇಕಾಯಿತು. "ನಾ ಹುಡುಕ್ತೀನಿ ಬಿಡ್ರಿ ಮೇಡಂ" ಎಂದೆ, ಊರೇ ನನ್ನ ಜೇಬಿನಲ್ಲಿದ್ದ ಹಾಗೆ.

ಪರಿಚಯದ ಕಿರಾಣಿ ಅಂಗಡಿಯವರದೊಂದು ಮನೆಯಿತ್ತು. ಫೋನಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ನಮ್ಮವ್ರೇನ್ರಿ?"

"ಹೌದ್ರಿ, ನಮ್ಮವ್ರೇ" ಎಂದೆ. ನಮ್ಮ ಕಾಲೇಜಿನವರು ಎಂಬ ಅರ್ಥದಲ್ಲಿ ಹೇಳಿದೆನೆಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಪ್ರಶ್ನೆ ಜಾತಿಯದು ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ?

ಮರುದಿನ ಮೇಡಂ, ಟೊಪ್ಪಿ ಹಾಕಿದ ಅವರ ಅಪ್ಪ, ನಾನು ಹೋದೆವು. ಅಂಗಡಿಯವರು ಟೊಪ್ಪಿ ನೋಡಿದರು, ನನ್ನ ಮುಖ ನೋಡಿದರು. "ಬರ್ರಿ, ಚಾ ಕುಡೀರಿ" ಎಂದು ಕೂರಿಸಿದರು. ಚಹಾ ಮುಗಿದ ಮೇಲೆ, "ಮನಿ ನಿನ್ನೇ ಒಬ್ರಿಗೆ ಮಾತು ಕೊಟ್ಟೀನ್ರಿ ಸರ, ಹೇಳೋದು ಮರ್ತಿದ್ದೆ" ಎಂದರು. ತೋರಿಸಲೆಂದು ತಂದಿದ್ದ ಬೀಗದ ಕೈ ಅವರ ಕೈಯಲ್ಲೇ ಇತ್ತು.

"ಹಿಂಗೇ ರೀ ಸರ. ಇಲ್ಲೀತನಕ ನಾಕು ಮನ್ಯಾಗ ಚಾ ಕುಡದೀವಿ" ಎಂದರು ಮೇಡಂ ಅವರ ಅಪ್ಪ, ರಸ್ತೆಗೆ ಬಂದ ಮೇಲೆ. ಅವರಿಬ್ಬರಿಗೂ ಒಂದಿಷ್ಟೂ ಆಶ್ಚರ್ಯವಾಗದ್ದು ನನ್ನನ್ನು ಇನ್ನಷ್ಟು ಬೆಚ್ಚಿಸಿತು. ಎಂಥ ಮಂದಿ, ಯಾವ ಕಾಲದಲ್ಲಿದ್ದಾರೆ ಎಂದು ಅಂಗಡಿಯವರನ್ನು ಬಾಯಿಗೆ ಬಂದಂತೆ ಬೈದೆ. ಮೇಡಂ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: "ಸರ, ನಿಮ್ಮ ಮ್ಯಾಲಿನ ಮನಿ ಖಾಲಿ ಅದ ಅಂತಲ್ರಿ?"

ಖಾಲಿಯಾಗಿ ಎರಡು ತಿಂಗಳಾಗಿತ್ತು. ಊರೆಲ್ಲ ಹುಡುಕಿದವನಿಗೆ ಅದು ನೆನಪಿಗೇ ಬಂದಿರಲಿಲ್ಲ. ಬಾಯಿ ಮಾತ್ರ ತಡವರಿಸಲಿಲ್ಲ: "ಮನ್ಯಾಗ ಕೇಳಿ ಹೇಳ್ತೀನ್ರಿ."

ನನ್ನ ಬಾಯಿಂದಲೇ ಬಂತೆಂದು ನಂಬಲಾಗಲಿಲ್ಲ. ಇಂದಿಗೂ ನಾಚಿಕೆಯಾಗುತ್ತದೆ. "ಆಯ್ತ್ರಿ ಸರ" ಎಂದು ಅವರು ಅಪ್ಪನ ಜೊತೆ ಬಸ್ ನಿಲ್ದಾಣದ ಕಡೆ ನಡೆದರು.

ಇವತ್ತು, ನಾಳೆ ಎಂದು ದಿನ ತಳ್ಳಿದೆ. ಮೇಡಂ ಕಾಲೇಜಿಗೆ ಬರುವುದನ್ನೇ ಬಿಟ್ಟರು. ಅತಿಥಿ ಉಪನ್ಯಾಸಕರಿಗೆ ಯಾವ ರಜೆ? ಅವರ ಜಾಗಕ್ಕೆ ಬೇರೆಯವರು ಬಂದರು.

ಮನೆ ಸಿಗದೆ ಮೇಡಂ ಕೆಲಸ ಬಿಟ್ಟ ಸುದ್ದಿ ಕಿವಿಗೆ ಬಿದ್ದ ದಿನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮ್ಯಾಲಿನ ಮನಿ ಖಾಲೀನೇ ಇತ್ತಲ್ರಿ. ಕೊಡಬೇಕಿಲ್ಲೇನು ಆ ಬಸುರಿ ಹೆಣ್ಮಗಳಿಗೆ?"

"ನೀ ಏನಂತಿಯೋ ಅಂತ..." ಎಂದೆ.

"ನನ್ನ ಯಾವಾಗ ಕೇಳಿದ್ರಿ?" ಎಂದಳು.