ಮೊಳೆಯಲ್ಲಿ ಇರದಿದ್ದ ಟೆಂಡರ್ ಹಾಳೆ

೨೦೦೮ರಲ್ಲಿ ನಾನು ರೋಣ ತಾಲ್ಲೂಕಿನ ಒಂದು ಕಚೇರಿಯಲ್ಲಿ ಟೆಂಡರ್ ಶಾಖೆಯ ಸೂಪರಿಂಟೆಂಡೆಂಟ್. ಟೆಂಡರ್ ಪ್ರಕಟಣೆಗಳು ಆಗತಾನೆ ವೆಬ್‌ಸೈಟಿಗೂ ಹೋಗತೊಡಗಿದ್ದವು. ಪತ್ರಿಕೆಯಲ್ಲೂ ಕೊಡಬೇಕೆಂಬ ನಿಯಮ ಹಾಗೇ ಇತ್ತು. ನಮ್ಮ ಗುತ್ತಿಗೆದಾರರಿಗೆ ಪತ್ರಿಕೆಯೆಂದರೆ ಬಸ್ ನಿಲ್ದಾಣದೆದುರಿನ ಚಹಾದಂಗಡಿಯ ಮೊಳೆ. ಟೆಂಡರ್ ಬಂದ ಹಾಳೆಯನ್ನು ಅಂಗಡಿಯವನು ಅದಕ್ಕೆ ಚುಚ್ಚಿಡುತ್ತಿದ್ದ. ಎಲ್ಲರೂ ಓದುವವರೆಗೆ ಅದರಲ್ಲಿ ಭಜಿ ಕಟ್ಟುವಂತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಹಳ್ಳಿಯೊಂದರಲ್ಲಿ ತೊಲೆಗಳ ಮೇಲೆ ಮಣ್ಣು ಹಾಸಿದ ಹಳೆಯ ಮಾಳಿಗೆಯ ಶಾಲೆಯ ದುರಸ್ತಿ ಬಂತು. ಮೇಲಧಿಕಾರಿಗೆ ಅವಸರ.

"ವೆಬ್‌ಸೈಟಿಗೆ ಹಾಕಿದ್ರ ಜಗತ್ತಿಗೇ ಕಾಣತೈತಿ. ಪೇಪರ್ ಯಾಕ? ಲಗೂ ಸಹಿ ಹಾಕ್ರಿ" ಎಂದರು.

ಸಹಿ ಹಾಕುವುದರಲ್ಲಿ ನನ್ನ ಕೈ ಎಂದೂ ಹಿಂದೆ ಬಿದ್ದಿರಲಿಲ್ಲ. ಪತ್ರಿಕೆಯ ತುಣುಕು ಅಂಟಿಸುವ ಜಾಗದಲ್ಲಿ ಕಂಪ್ಯೂಟರ್ ಪ್ರಿಂಟ್ ಅಂಟಿಸಿ, 'ಪ್ರಕಟಣೆ ಪೂರ್ಣ' ಎಂದು ಬರೆದೆ. ಸಂಜೆ ಚಹಾಕ್ಕೆ ಹೋದಾಗ ಮೊಳೆ ಖಾಲಿಯಿತ್ತು. ಗುತ್ತಿಗೆದಾರರಿಗೆ ಸುದ್ದಿ ಮುಟ್ಟಿಲ್ಲವೆಂದು ಗೊತ್ತಾಯಿತು. ಆದರೂ ಚಹಾ ಮುಗಿಸಿ ಎದ್ದು ಬಂದೆ.

ಬಂದದ್ದು ಒಂದೇ ಟೆಂಡರ್, ದೂರದ ಊರಿನವರದು. ಹಳ್ಳಿಗೆ ಕಾಲಿಡದೆಯೇ ದರ ಹಾಕಿದ್ದರು. ಕೆಲಸದ ಆದೇಶ ಹೊರಡುವ ಹಿಂದಿನ ದಿನ ಮೇಸ್ತ್ರಿ ಹುಸೇನಸಾಬರು ಬಂದರು. ಆ ಮಾಳಿಗೆ ಕಟ್ಟಿದ್ದು ಅವರ ತಂದೆ.

"ದಿನಾ ಮೊಳಿ ನೋಡ್ಕೋತ ಕುಂತಿದ್ನಿರಿ ಸಾಹೇಬ್ರ. ತೊಲಿ ತುದಿಗೆ ಗೋಡಿ ಒಳಗ ಗೆದ್ದಲ ಹಿಡದೈತಿ, ಹೊರಗ ಕಾಣಂಗಿಲ್ಲ. ಟೆಂಡರ್ ಹಾಕುಮುಂದ ಅದನ್ನ ಬರದು ಕೊಡಬೇಕಂತಿದ್ದೆ. ತೊಲಿ ಬದಲಿ ಮಾಡಲಾರದ ಮ್ಯಾಲ ಹೊಸಾ ಮಣ್ಣ ಹಾಕಿದ್ರ ಭಾರ ತಡಿಯಂಗಿಲ್ರಿ."

ಮರುಟೆಂಡರ್ ಆಗಲಿ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಬರೆದರೆ ನನ್ನ ಸಹಿ ಸುಳ್ಳೆಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಹೆದರಿದೆ.

"ಈಗ ಎಲ್ಲಾ ಮುಗದೈತ್ರಿ" ಎಂದು ಕಳಿಸಿದೆ.

ಹೊಸ ಮಣ್ಣು ಬಿತ್ತು, ಅದರ ಮೇಲೆ ಮಳೆ ಹಿಡಿಯಿತು. ಮೋಡ ಕವಿದಾಗಲೆಲ್ಲ ನಾನು ಕಚೇರಿಯ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಮಕ್ಕಳು ಅಂಗಳದಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ ತೊಲೆ ಕಳಚಿತು. ಕಿಟಕಿ ತೆರೆಯಲು ಒಳಗೆ ಹೋಗಿದ್ದ ಹೆಡ್‌ಮಾಸ್ತರರ ಕಾಲು ಅದರಡಿ ಸಿಕ್ಕಿತು. ಆಮೇಲೆ ಅವರು ಕೋಲಿಲ್ಲದೆ ನಡೆಯಲಿಲ್ಲ.

ನಾನು ಹೋಗುವಷ್ಟರಲ್ಲಿ ಹುಸೇನಸಾಬರು ಮಣ್ಣು ಎತ್ತಿ ಹಾಕುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹೊಸಾ ಸಾಲಿ ಕಟ್ಟಸ್ತೀರಲ್ರಿ, ಅದರ ಟೆಂಡರ್ ಹಾಳ್ಯಾದ್ರೂ ಮೊಳಿಗೆ ಬರ್ಲಿ ಸಾಹೇಬ್ರ" ಎಂದರು, ಅಷ್ಟೇ.

ನಿವೃತ್ತಿಯವರೆಗೂ ನಾನು ವೆಬ್‌ಸೈಟ್ ತೆರೆದು ನೋಡಿ, ಚಹಾದಂಗಡಿಗೆ ನಡೆದುಹೋಗಿ ಮೊಳೆಯನ್ನೂ ನೋಡಿದ ಮೇಲೆಯೇ 'ಪ್ರಕಟಣೆ ಪೂರ್ಣ' ಎಂದು ಬರೆದೆ. ತಿಳಿಯಬೇಕಾದವರಿಗೆ ತಿಳಿದಾಗಲೇ ಆ ಮಾತು ನಿಜ. ಇಷ್ಟು ಕಲಿಯಲು ನನಗೆ ಇನ್ನೊಬ್ಬರ ಕಾಲು ಬೇಕಾಯಿತು.