ಊರಿನ ಹೆಂಚು ಹೊತ್ತ ಮನೆ

ಮಳವಳ್ಳಿಯಿಂದ ಮಂಡ್ಯಕ್ಕೆ ವಾಪಸು ಬರುವಾಗ ಮದ್ದೂರು ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ಹೊಸ ಹೋಟೆಲಿನ ಮುಂದೆ ಕಾಫಿಗೆ ನಿಲ್ಲಿಸಿದೆವು. ಹೋಟೆಲಿನ ಕೆಲಸ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಪಕ್ಕದಲ್ಲಿ ಹಳೆಯ ನಾಡಹೆಂಚಿನ ದೊಡ್ಡ ರಾಶಿ ಬಿದ್ದಿತ್ತು. ಹಳ್ಳಿ ಮನೆಯ ಹಾಗೆ ಕಾಣಲಿ ಅಂತ ಗೋಡೆಗೆಲ್ಲ ಅಂಟಿಸುತ್ತಾರಂತೆ. ಯಾರೋ ಆಗಷ್ಟೇ ಪೈಪು ಹಿಡಿದು ಅವನ್ನು ತೊಳೆದಿದ್ದರು. ಒದ್ದೆಯಾದ ಸುಟ್ಟ ಮಣ್ಣು, ಹಳೆಯ ಒಲೆಯ ಮಸಿ, ಇಲಿ ಹಿಕ್ಕೆ... ಎಲ್ಲ ಸೇರಿದ ವಾಸನೆ ಒಂದೇ ಸಲ ಮೂಗಿಗೆ ಬಡಿಯಿತು. ಕಾಫಿ ಕುಡಿಯಲಾಗಲಿಲ್ಲ.

ನಾವು ಹೋಗಿದ್ದೂ ಸೂರಿನ ವಿಚಾರಕ್ಕೇ. ಮಂಡ್ಯದ ನಮ್ಮ ಮನೆಯ ಸಿಮೆಂಟಿನ ಮೋಲ್ಡು ಕೆಟ್ಟು ವರ್ಷಗಳಾಗಿವೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತಿದೆ. ಮಳವಳ್ಳಿಯ ನೆಂಟರು ಹೋದ ವರ್ಷ ಪೂರ್ತಿ ಒಡೆಸಿ ಹೊಸದು ಹಾಕಿಸಿದ್ದರು, ಎಷ್ಟಾಯಿತು ಅಂತ ವಿಚಾರಿಸಿಕೊಂಡು ಬರೋಣ ಅಂತ ಹೋಗಿದ್ದೆವು. ಅವರು ಹೇಳಿದ ಲೆಕ್ಕ ಕೇಳಿ ನಮ್ಮ ಯಜಮಾನರ ಮುಖ ಬಾಡಿದ ಬದನೆಕಾಯಿಯಾಗಿತ್ತು. ನಾನು ಮಾತ್ರ ಹೆಂಚಿನ ರಾಶಿ ನೋಡುತ್ತಾ ಕೂತೆ. ಅದನ್ನು ನೋಡಿ ನನಗೆ ನೆನಪಾದವರು ಹೆಂಚಿನ ಮಾವ.

ಕಿರುಗಾವಲಿನ ಹತ್ತಿರದ ನಮ್ಮೂರಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಅವರ ಮನೆ. ರಕ್ತ ಸಂಬಂಧವೇನಲ್ಲ. ನಮ್ಮವ್ವನನ್ನು ಅಕ್ಕ ಅನ್ನುತ್ತಿದ್ದರು, ಹಾಗಾಗಿ ನಮಗೆ ಮಾವ. ಅವರ ಹೆಂಡತಿ ಅತ್ತೆ. ಯುಗಾದಿ ಕಳೆದು ಮಳೆ ಶುರುವಾಗುವ ಮುಂಚೆ ಊರಿನ ಹೆಂಚಿನ ಮನೆಗಳನ್ನೆಲ್ಲ ಕೈಯಾಡಿಸುವುದು ಅವರ ಕೆಲಸ. ಅಂದರೆ ಸೂರಿನ ಮೇಲೆ ಹತ್ತಿ, ಜರುಗಿದ ಹೆಂಚನ್ನು ಸರಿಯಾಗಿ ಕೂರಿಸಿ, ಒಡೆದದ್ದನ್ನು ತೆಗೆದು ಬೇರೆ ಇಟ್ಟು, ಸಂದಿಯ ಕಸ ಬಳಿದು ಹಾಕುವುದು. ಸಣ್ಣ ಆಳು. ಬೆಕ್ಕು ನಡೆದ ಹಾಗೆ ನಡೆಯುತ್ತಿದ್ದರು, ಒಂದು ಹೆಂಚೂ ಕಾಲಡಿ ಮುರಿಯುತ್ತಿರಲಿಲ್ಲ.

ಊರಿಗೆಲ್ಲ ಅವರು ಯಾಕೆ ಬೇಕಾಗಿದ್ದರು ಅಂದರೆ, ಎಲ್ಲರಿಗೂ ಬೇಕಾದ ಮಾತನ್ನೇ ಹೇಳುತ್ತಿದ್ದರು. ಅವ್ವ ಪ್ರತಿ ವರ್ಷ ಅಪ್ಪನ ಪ್ರಾಣ ಹಿಂಡುತ್ತಿದ್ದಳು, ಸೂರು ತೆಗೆಸಿ ಮೋಲ್ಡು ಹಾಕಿಸು ಅಂತ. ಅಪ್ಪ ಮೇಸ್ತ್ರಿಯನ್ನು ಕೇಳುತ್ತಿದ್ದ. ಮೇಸ್ತ್ರಿ ಹೇಳಿದ ದುಡ್ಡು ಕೇಳಿ ಎದೆ ಒಡೆದುಕೊಂಡು ಮಾವನ ಹತ್ತಿರ ಹೋಗುತ್ತಿದ್ದ. ಮಾವ ಮೇಲೆ ಹತ್ತಿ ನೋಡಿ ಇಳಿದು, ಇನ್ನೊಂದು ಮಳೆಗಾಲಕ್ಕೆ ಏನೂ ಮೋಸವಿಲ್ಲ ಅನ್ನುತ್ತಿದ್ದರು. ಅಪ್ಪನ ಮುಖ ಅರಳುತ್ತಿತ್ತು. ಅವ್ವ ಪಾತ್ರೆ ಕುಕ್ಕುತ್ತಿದ್ದಳು. ಹೀಗೆ ನಮ್ಮ ಮನೆಯಲ್ಲಿ ಎಷ್ಟು ಮಳೆಗಾಲ ಹೋದವೋ...

ಆದರೂ ಊರಲ್ಲಿ ಒಬ್ಬೊಬ್ಬರಾಗಿ ಮೋಲ್ಡು ಹಾಕಿಸಿಕೊಳ್ಳತೊಡಗಿದರು. ಹಳೆಯ ಸೂರು ಬಿಚ್ಚಲು ಬರುತ್ತಿದ್ದವರೂ ಮಾವನೇ. ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು: ಬಿಚ್ಚಿದವನಿಗೇ ಹಳೆಯ ಹೆಂಚು. ಮನೆಯವರಿಗೆ ಸಾಗಿಸುವ ತಾಪತ್ರಯವಿಲ್ಲ, ಕೂಲಿಯಲ್ಲೂ ಒಂದಿಷ್ಟು ಉಳಿಯುತ್ತಿತ್ತು. ಹೆಂಚು ಕೊಟ್ಟೆವಲ್ಲ ಅಂತ ಕೈ ಬಿಗಿ ಹಿಡಿಯುವುದರಲ್ಲಿ ನಮ್ಮ ಜನ ಎತ್ತಿದ ಕೈ. ಮಾವ ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಹೆಂಚನ್ನು ಆರಿಸಿ, ಗಾಡಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು.

ಅದನ್ನು ಮಾರಿದ್ದರೆ ಏನೂ ಆಗುತ್ತಿರಲಿಲ್ಲ. ಮಾರಲಿಲ್ಲ. ಅಷ್ಟೊಂದು ಹೆಂಚನ್ನು ಕೈಬಿಡಲು ಮನಸ್ಸು ಬಾರದೆ ತಮ್ಮ ಮನೆಯ ಮೇಲೇ ಹೊದಿಸಿದರು. ಮೊದಲು ಇದ್ದದ್ದರ ಮೇಲೆ ಒಂದು ಪದರ, ಮುಂದಿನ ವರ್ಷ ಅದರ ಮೇಲೆ ಇನ್ನೊಂದು. ಊರಿನ ಯಾವ ಮನೆ ಸೋರಿದರೂ ಅವರ ಮನೆ ಸೋರುತ್ತಿರಲಿಲ್ಲ. ಅದು ಅವರ ಜಂಬ. ಮಳೆ ಬಂದ ಮಾರನೆಯ ದಿನ ಜಗಲಿ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಒಳಗಿನ ಒಣ ನೆಲ ತೋರಿಸುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು, ಹೆಂಚಿನ ಮಾವನ ಮನೆ ಕಂಬಳಿ ಹೊದ್ದುಕೊಂಡಿದೆ ಅಂತ.

ಅತ್ತೆ ಮಾತ್ರ ನಗುತ್ತಿರಲಿಲ್ಲ. ನಮ್ಮ ಮನೆಗೆ ಮೊಸರು ಹೆಪ್ಪಿಗೆ ಬಂದಾಗ ಅವ್ವನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಬೆಳಗೆದ್ದರೆ ಹಾಸಿಗೆ ಮೇಲೆ, ಒಲೆ ಮೇಲೆ, ಮುಚ್ಚಿಟ್ಟ ಮಡಕೆ ಮೇಲೆ ತೊಲೆಯಿಂದ ಮರದ ಹಿಟ್ಟು ಉದುರಿರುತ್ತದೆ, ಗುಡಿಸಿ ಗುಡಿಸಿ ಸಾಕಾಗಿದೆ ಅಂತ. ಅವ್ವ ಇದನ್ನು ಒಂದು ಸಲ ಮಾವನ ಮುಂದೆಯೇ ಎತ್ತಿದಳು. ಮಾವ ಅತ್ತೆಯ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ಒಂದ್ ತೊಟ್ಟು ನೀರ್ ಬಿದ್ದದಾ ನನ್ ಮನೇಲಿ? ಹೇಳು."

ಅತ್ತೆ ತಲೆ ತಗ್ಗಿಸಿ ಹೆಪ್ಪಿನ ಲೋಟ ತೆಗೆದುಕೊಂಡು ಹೋದರು. ಒಂದು ತೊಟ್ಟೂ ಬಿದ್ದಿರಲಿಲ್ಲವಲ್ಲ.

ನಾನು ಮಳವಳ್ಳಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ವರ್ಷ. ಹಿಂಗಾರು ಮಳೆ ಬಿಡದೆ ಹಿಡಿದುಕೊಂಡು, ಒಂದು ಬೆಳಗ್ಗೆ ಮಳೆ ನಿಂತು ಹೊಳವಾಯಿತು. ನಮ್ಮ ಅಡಿಗೆ ಮನೆ ಸೋರುತ್ತಿತ್ತು ಅಂತ ಅಪ್ಪ ಮಾವನನ್ನು ಕರೆಸಿದ್ದ. ಅವರು ಮೇಲೆ ಹತ್ತಿ ಹೆಂಚು ಸರಿಸುತ್ತಿದ್ದರು, ನಾನು ಅಂಗಳದಲ್ಲಿ ನಿಂತು ಬೇರೆ ಹೆಂಚು ಎತ್ತಿ ಕೊಡುತ್ತಿದ್ದೆ. ಆಗ ಆ ಸದ್ದು ಬಂತು. ಲಾರಿಯಿಂದ ಕಲ್ಲು ಸುರಿದ ಹಾಗೆ. ಕೆಳಗಿದ್ದ ನಮಗೆ ಏನೂ ಗೊತ್ತಾಗಲಿಲ್ಲ, ರಸ್ತೆ ಕಡೆ ನೋಡಿದೆವು. ಮಾವ ಮೇಲೆ ನಿಂತಿದ್ದರು. ಅಲ್ಲಿಂದ ಅವರ ಮನೆ ಕಾಣುತ್ತಿತ್ತು. ನಾನು ಚಾಚಿದ್ದ ಹೆಂಚನ್ನು ತೆಗೆದುಕೊಳ್ಳದೆ ಹಾಗೇ ನಿಂತರು. ಆಮೇಲೆ ಏಣಿಯಿಂದ ಇಳಿದು ಓಡಿದರು. ಸೂರಿನ ಮೇಲೆ ಅವರು ಕಾಲಿಟ್ಟ ಕಡೆಯಲ್ಲೆಲ್ಲ ಹೆಂಚು ಮುರಿದಿತ್ತು.

ಮಣ್ಣಿನ ಹೆಂಚು ನೀರು ಕುಡಿಯುತ್ತದೆ. ಅಷ್ಟು ಪದರ ಹೆಂಚು, ಅಷ್ಟು ದಿನದ ಮಳೆ. ಹುಳ ತಿಂದ ತೊಲೆ ಎಷ್ಟು ಹೊರಬೇಕು? ಸೂರು ಕುಸಿದಾಗ ಅತ್ತೆ ಒಲೆ ಮುಂದೆ ಇದ್ದರಂತೆ. ಊರಿನ ಗಂಡಸರೆಲ್ಲ ಸೇರಿ ರಾಶಿ ತೆಗೆಯತೊಡಗಿದರು, ನಾವು ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಸಾಗಿಸಿದೆವು. ಹಾಗೆ ಸಾಗಿಸುವಾಗ ಗೊತ್ತಾಯಿತು. ಅಂಚಿಗೆ ನೀಲಿ ಸುಣ್ಣ ಮೆತ್ತಿದ್ದು ಎದುರು ಮನೆಯವರದ್ದು. ಟಾರು ಬಳಿದಿದ್ದದ್ದು ಶಾಲೆಯದ್ದು. ಕೆಲವಕ್ಕೆ ಪಟೇಲರ ಆಲೆಮನೆಯ ಒಲೆಯ ಮಸಿ ಹಾಗೇ ಇತ್ತು. ಒಬ್ಬೊಬ್ಬರಿಗೂ ತಮ್ಮ ತಮ್ಮ ಮನೆಯ ಹೆಂಚು ಗುರುತು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಸಿಕ್ಕರು. ಅವ್ವ ತನ್ನ ಸೀರೆಯನ್ನೇ ತಂದು ಹೊದಿಸಿದಳು.

ತಿಥಿ ಮುಗಿದ ಮೇಲೆ ಮಾವ ಕರೆಯದೇ ನಮ್ಮ ಮನೆಗೆ ಬಂದರು. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಸೂರು ಬಿಚ್ಚಬೇಕು ಅಂದರು. ಅಪ್ಪ ದುಡ್ಡಿನ ಮಾತು ತೆಗೆದ. ಅಷ್ಟು ವರ್ಷ ತಡೆಯುತ್ತದೆ ಅಂದವರು ಅವತ್ತು ಬೇರೆ ಲೆಕ್ಕ ಹೇಳಿದರು. ಮೇಸ್ತ್ರಿ ಹೇಳುವುದು ಸಿಮೆಂಟು, ಕಬ್ಬಿಣ, ಮರಳು, ಜಲ್ಲಿ ಅಷ್ಟೇ. ಹೆಂಚು ತೆಗೆದ ಮೇಲೆ ಮರ ಹೋಗಿರುವುದು ಕಾಣುತ್ತದೆ, ಮರ ತೆಗೆದ ಮೇಲೆ ಗೋಡೆಯ ತಲೆ ಕರಗಿರುವುದು ಕಾಣುತ್ತದೆ. ಅದನ್ನು ಕಟ್ಟಬೇಕು. ಸೆಂಟ್ರಿಂಗ್ ಹಲಗೆಯ ಬಾಡಿಗೆ ಬೇರೆ, ಮೋಲ್ಡಿನ ದಿನ ಆಳುಗಳಿಗೆ ಬಾಡೂಟ ಬೇರೆ, ಅಲ್ಲಿಯವರೆಗೆ ನೀವು ಇನ್ನೊಬ್ಬರ ಜಗಲಿಯಲ್ಲಿ ಇರಬೇಕು. ಮೇಸ್ತ್ರಿ ಹೇಳಿದ್ದರ ಮೇಲೆ ಅರ್ಧದಷ್ಟು ಇಟ್ಟುಕೊಂಡೇ ಕೈ ಹಾಕಿ, ಆದರೆ ಕೈ ಹಾಕಿ ಅಂದರು. ಅಪ್ಪ ಒಪ್ಪಿಕೊಂಡ.

ಬಿಚ್ಚಲು ಅವರೇ ಬಂದರು. ಎಂದಿನ ಹಾಗೆ ಜೋಪಾನವಾಗಿ ಇಳಿಸುತ್ತಾರೆ ಅಂದುಕೊಂಡಿದ್ದೆವು. ಅವರು ಒಂದೊಂದನ್ನೇ ತೆಗೆದು ಅಂಗಳದ ಚಪ್ಪಡಿ ಮೇಲೆ ಎಸೆದರು. ಗಟ್ಟಿಯಾದದ್ದನ್ನೂ ಬಿಡಲಿಲ್ಲ. ಬೀದಿಯ ಜನ ಬಂದು ನಿಂತು ನೋಡಿದರು. ಅವ್ವನಿಗೆ ತಡೆಯಲಾಗಲಿಲ್ಲ. ಬಡವರು ಯಾರಾದರೂ ದನದ ಕೊಟ್ಟಿಗೆಗೆ ಹಾಕಿಕೊಳ್ಳುತ್ತಾರೆ, ಹಾಳು ಮಾಡಬೇಡ ಅಂದಳು. ಮಾವ ಮೇಲಿಂದಲೇ ಅವಳನ್ನು ನೋಡಿದರು.

"ಇದು ಇನ್ ಯಾರ್ ತಲೆ ಮ್ಯಾಲೂ ಕೂರದ್ ಬ್ಯಾಡ ಕಣಕ್ಕ. ಬುಡು."

ಸಂಜೆಯವರೆಗೂ ಒಡೆದರು. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆಮೇಲೆ ಊರಿನಲ್ಲಿ ಉಳಿದಿದ್ದ ಹೆಂಚಿನ ಮನೆಗಳ ಮುಂದೆಲ್ಲ ನಿಂತು ಬಿಚ್ಚಿಸಿ ಅನ್ನತೊಡಗಿದರು. ಜನ ಮೊದಮೊದಲು ಅಯ್ಯೋ ಪಾಪ ಅಂದರು. ಆಮೇಲೆ ಇವನೊಬ್ಬ ಅಪಶಕುನ ಅಂದರು. ಇವರ ಮಾತು ಕೇಳಿ ದುಡ್ಡು ಉಳಿಸಿಕೊಂಡಿದ್ದ ಜನವೇ ಬಾಗಿಲು ಹಾಕಿಕೊಂಡರು. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೊನೆಗೆ ಮದ್ದೂರಿನ ಕಡೆ ಇದ್ದ ಮಗಳು ಬಂದು ಕರೆದುಕೊಂಡು ಹೋದಳು.

ಮದುವೆಯಾದ ಮೇಲೆ ಒಂದು ಸಲ ಅಲ್ಲಿಗೆ ಹೋಗಿದ್ದೆ. ಮಗಳ ಮನೆ ಗಟ್ಟಿಮುಟ್ಟಾಗಿತ್ತು. ಮಾವ ಮಾತ್ರ ಹೊರಗೆ ಹೊಂಗೆ ಮರದ ಕೆಳಗೆ ಮಂಚ ಹಾಕಿಸಿಕೊಂಡಿದ್ದರು. ಮಳೆ ಬಂದರೂ ಒಳಗೆ ಬರಲ್ಲ, ಗೋಣಿ ಹೊದ್ದುಕೊಂಡು ಕೂರ್ತಾರೆ ಅಂತ ಮಗಳು ಕಣ್ಣೊರೆಸಿಕೊಂಡಳು. ನನ್ನ ಗುರುತು ಹಿಡಿದರು. ಯಾವೂರಿಗೆ ಕೊಟ್ಟರು, ಮಕ್ಕಳೆಷ್ಟು, ಏನೂ ಕೇಳಲಿಲ್ಲ.

"ನಿನ್ ಮನೇಲಿ ಮ್ಯಾಲಿಂದ ಏನಾರಾ ಉದುರ್ತದಾ ಮಗ?"

ಇಲ್ಲ ಮಾವ ಅಂದೆ. ಆಗ ನಮ್ಮದು ಹೊಸ ಮನೆ. ತಲೆ ಆಡಿಸಿದರು. ಬಂದವರನ್ನೆಲ್ಲ ಅದೊಂದನ್ನೇ ಕೇಳುತ್ತಿದ್ದರಂತೆ. ಅವರು ಹೋದ ಸುದ್ದಿ ನಮಗೆ ತಿಥಿಯೂ ಆದ ಮೇಲೆ ಗೊತ್ತಾಯಿತು.

ಮಂಡ್ಯದ ಮೇಸ್ತ್ರಿ ನಿನ್ನೆ ಬಂದಿದ್ದ. ಚದರಕ್ಕೆ ಇಷ್ಟು ಅಂತ ಹೊಸ ಮೋಲ್ಡಿನ ದರ ಹೇಳಿದ. ಒಡೆಯುವುದು, ಟ್ರ್ಯಾಕ್ಟರಿನಲ್ಲಿ ಅವಶೇಷ ಸಾಗಿಸುವುದು, ವೈರಿಂಗು, ನಾವು ಬಾಡಿಗೆ ಮನೆಯಲ್ಲಿ ಇರುವುದು ಯಾವುದೂ ಅದರಲ್ಲಿ ಇರಲಿಲ್ಲ. ನಾನೇ ಒಂದೊಂದಾಗಿ ಕೇಳಿ ಬಾಯಿ ಬಿಡಿಸಿದೆ. ಅಷ್ಟೆಲ್ಲ ಯಾಕೆ, ಹಳೆಯದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದರೆ ಒಂದು ಹನಿ ನೀರು ಬೀಳಲ್ಲ ಅಂದ. ಯಜಮಾನರಿಗೆ ಹೋದ ಜೀವ ಬಂದ ಹಾಗಾಯಿತು. ಬೇಡ, ಒಡೆಯಿರಿ ಅಂದೆ.

ಇವತ್ತು ಬೆಳಗ್ಗೆಯೂ ಹಾಸಿಗೆ ಮೇಲೆ ಗಾರೆಯ ಪುಡಿ ಬಿದ್ದಿತ್ತು. ಗುಡಿಸಿ ಮೊರಕ್ಕೆ ತುಂಬುವಾಗ ಅಳು ಬಂತು. ಉದುರುತ್ತಿದೆ ಮಾವ, ಅಂತ ಹೇಳಬೇಕು ಅನ್ನಿಸಿತು... ಹಾಗೆ ಕೇಳುವವರು ಈಗ ಯಾರೂ ಇಲ್ಲ.